ನಮ್ಮ ಸಂಘಕ್ಕೊಂದು ಲ್ಯಾಪ್‌ಟಾಪ್

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಮಕ್ಕಳು ಮಡಿಲಲ್ಲೇ ಇರಲಿ, ಪರವಾಗಿಲ್ಲ.

ಹೋದ ಸಭೆಯಲ್ಲಿ ನೀವೇ ಒಂದು ಮಾತು ಎತ್ತಿದಿರಿ. "ಟೀಚರಮ್ಮ, ಸಂಘಕ್ಕೆ ಒಂದು ಲ್ಯಾಪ್‌ಟಾಪ್ ತಗೊಂಡ್ರೆ ಹೇಗೆ?" ಅಂತ ಕೇಳಿದಿರಿ. ಕೆಲವರು ನಕ್ಕರು. "ಹೆಬ್ಬೆಟ್ಟು ಬಿಟ್ಟು ಮೊನ್ನೆ ಮೊನ್ನೆ ಸಹಿ ಕಲಿತೋರು ನಾವು. ನಮಗ್ಯಾಕೆ ಅದು?" ಅಂದರು.

ಯಾಕೆ ಅಂತ ನೋಡೋಣ. ನಮ್ಮ ಸಂಘದ ಲೆಕ್ಕವನ್ನು ಈಗ ಪೇಟೆಯ ಅಂಗಡಿಯಲ್ಲಿ ಟೈಪ್ ಮಾಡಿಸುತ್ತೇವೆ. ಅರ್ಜಿ ಬರೆಸಲಿಕ್ಕೂ ಅಲ್ಲಿಗೇ ಹೋಗುತ್ತೇವೆ. ಬಸ್ಸಿನ ಖರ್ಚು, ಟೈಪಿಂಗ್ ಖರ್ಚು ಸೇರಿ ತಿಂಗಳಿಗೆ 800 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 9,600 ಆಯಿತು. ನಾಲ್ಕು ವರ್ಷಕ್ಕೆ 38,400. ಒಂದು ಒಳ್ಳೆಯ ಲ್ಯಾಪ್‌ಟಾಪಿನ ಬೆಲೆ ಹೆಚ್ಚು ಕಡಿಮೆ ಅಷ್ಟೇ.

ಹಣ ಒಂದೇ ಅಲ್ಲ. ಹೋದ ವರ್ಷ ಟೈಪಾಗಿ ಬಂದ ಪಟ್ಟಿ ನೆನಪಿದೆಯಾ? ನಮ್ಮ ಒಬ್ಬ ಅಕ್ಕನ ಹೆಸರಿನ ಮುಂದೆ 1,500 ಬಾಕಿ ಅಂತ ಇತ್ತು. ಆಕೆ ಕಟ್ಟಿದ್ದ ರಸೀದಿ ಆಕೆಯ ಕೈಯಲ್ಲೇ ಇತ್ತು. ಆಕೆ ಓದಲು ಕಲಿತಿದ್ದಕ್ಕೆ ಅದು ಸಿಕ್ಕಿತು. ಇಲ್ಲದಿದ್ದರೆ ಮತ್ತೊಮ್ಮೆ ಕಟ್ಟಬೇಕಿತ್ತು. ನಮ್ಮ ಲೆಕ್ಕ ನಮ್ಮ ಕಣ್ಣ ಮುಂದೆಯೇ ಬರೆಯುವ ಹಾಗಾದರೆ ಒಳ್ಳೆಯದಲ್ಲವೇ?

"ಫೋನಿನಲ್ಲೇ ಆಗಲ್ವಾ?" ಅಂತ ಕೇಳಬಹುದು. ನೋಡಲಿಕ್ಕೆ ಫೋನು ಸಾಕು. ಬರೆಯಲಿಕ್ಕೆ ಸಾಲದು. ಇಪ್ಪತ್ತು ಜನರ ಉಳಿತಾಯದ ಪಟ್ಟಿಯನ್ನು ಅಂಗೈ ಅಗಲದ ಪರದೆಯಲ್ಲಿ ತುಂಬಿಸಿ ನೋಡಿ, ಆಗ ಗೊತ್ತಾಗುತ್ತದೆ.

ಹಾಗಾದರೆ ಎಂಥದ್ದು ಕೊಳ್ಳಬೇಕು? ಮೊದಲು ನಮ್ಮ ಕೆಲಸ ಏನು ಅಂತ ಹೇಳಿಕೊಳ್ಳೋಣ. ಲೆಕ್ಕ ಬರೆಯಬೇಕು. ಅರ್ಜಿ ಬರೆಯಬೇಕು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಹೊಲಿಗೆ ಮಾಡುವವರು ರವಿಕೆಯ ಫೋಟೋ ಇಟ್ಟುಕೊಳ್ಳಬೇಕು. ಹಸು ಸಾಕಣೆಯ ವಿಡಿಯೋ ನೋಡಬೇಕು. ಭಾನುವಾರ ಒಂದು ಸಿನಿಮಾ ಹಾಕಿದರೂ ತಪ್ಪೇನಿಲ್ಲ. ಇಷ್ಟಕ್ಕೆ ಭಾರಿ ಯಂತ್ರ ಬೇಕಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್ ಅಂತ ಬರುತ್ತದೆ. ಅದು ಆಟ ಆಡುವ ಹುಡುಗರಿಗೆ. ಬೆಲೆಯೂ ಜಾಸ್ತಿ, ತೂಕವೂ ಜಾಸ್ತಿ. ಅಂಗಡಿಯವನು ಎಷ್ಟು ಹೊಗಳಿದರೂ ಬೇಡ ಅನ್ನಿ. ಮುಟ್ಟಿದರೆ ಕೆಲಸ ಮಾಡುವ ಪರದೆಯೂ ನಮಗೆ ಬೇಡ.

ಆದರೆ ತೀರಾ ಅಗ್ಗದ್ದೂ ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಕೇಳಿ.

ಲ್ಯಾಪ್‌ಟಾಪಿನ ಒಳಗೆ ಮೂರು ಮುಖ್ಯ ಭಾಗ. ನಮ್ಮ ಅಡುಗೆಮನೆಗೆ ಹೋಲಿಸಿ ನೋಡೋಣ. ಅಡುಗೆ ಮಾಡುವವರು ಒಬ್ಬರು ಇರುತ್ತಾರೆ. ಅದು ಪ್ರೊಸೆಸರ್. ತರಕಾರಿ ಹೆಚ್ಚಲಿಕ್ಕೆ, ಹಿಟ್ಟು ನಾದಲಿಕ್ಕೆ ಒಂದು ಅಡುಗೆ ಕಟ್ಟೆ ಇರುತ್ತದೆ. ಅದು ರ‍್ಯಾಮ್. ಅಕ್ಕಿ, ರಾಗಿ, ಬೇಳೆ ತುಂಬಿಡುವ ಉಗ್ರಾಣ ಇರುತ್ತದೆ. ಅದು ಸ್ಟೋರೇಜ್. ಕಟ್ಟೆ ಮತ್ತು ಉಗ್ರಾಣ ಎರಡನ್ನೂ ಜಿ.ಬಿ. ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಅಲ್ಲೇ ಜನ ಮೋಸ ಹೋಗುವುದು. "ಅಕ್ಕಾ, ಇದು 512 ಜಿ.ಬಿ.!" ಅಂತಾನೆ ಅಂಗಡಿಯವನು. ಉಗ್ರಾಣ ದೊಡ್ಡದು ನಿಜ. ಕಟ್ಟೆ ಎಷ್ಟು ಅಗಲ ಅಂತ ಹೇಳುವುದೇ ಇಲ್ಲ. ಕಟ್ಟೆ ಗೇಣಗಲ ಇದ್ದರೆ ಹತ್ತು ಮೂಟೆ ಅಕ್ಕಿ ಇದ್ದೂ ಮದುವೆ ಅಡುಗೆ ಆಗುತ್ತದಾ?

ಅದಕ್ಕೇ ಮೊದಲು ಕೇಳಬೇಕಾದ ಪ್ರಶ್ನೆ, "ರ‍್ಯಾಮ್ ಎಷ್ಟಪ್ಪ?" ಅಂತ. 8 ಜಿ.ಬಿ. ಇರಲೇಬೇಕು. 4 ಜಿ.ಬಿ. ಅಂದರೆ ಎದ್ದು ಬನ್ನಿ. 16 ಇದ್ದರೆ ಬಹಳ ಒಳ್ಳೆಯದು, ಕೈಯಲ್ಲಿ ಹಣ ಇದ್ದರೆ ನೋಡಿ. ಇನ್ನೊಂದನ್ನೂ ಕೇಳಿ. "ಮುಂದೆ ರ‍್ಯಾಮ್ ಹೆಚ್ಚಿಸಲಿಕ್ಕೆ ಬರುತ್ತದಾ?" ಅಂತ. ಕೆಲವು ಲ್ಯಾಪ್‌ಟಾಪಿನಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಅದನ್ನು ಬದಲಾಯಿಸಲು ಬರುವುದಿಲ್ಲ.

ಇನ್ನು ಉಗ್ರಾಣ. ಹಿಂದೆ ಹಾರ್ಡ್ ಡಿಸ್ಕ್ ಬರುತ್ತಿತ್ತು. ಅದರೊಳಗೆ ಒಂದು ತಟ್ಟೆ ಗಿರಗಿರ ತಿರುಗುತ್ತದೆ. ನಿಧಾನ. ಕೆಲಸ ಮಾಡುವಾಗ ಏಟು ಬಿದ್ದರೆ ಕೆಡುವ ಭಯ ಬೇರೆ. ಈಗ ಎಸ್.ಎಸ್.ಡಿ. ಬಂದಿದೆ. ಅದರಲ್ಲಿ ತಿರುಗುವುದು ಏನೂ ಇಲ್ಲ. ಗುಂಡಿ ಒತ್ತಿದರೆ ಬೇಗ ಶುರುವಾಗುತ್ತದೆ. ಎಸ್.ಎಸ್.ಡಿ.ಯನ್ನೇ ಕೇಳಿ. 256 ಜಿ.ಬಿ. ನಮಗೆ ಸಾಕು. ಒಂದು ಸಿನಿಮಾಗೆ ಒಂದೆರಡು ಜಿ.ಬಿ. ಬೇಕು. ವಿಡಿಯೋ, ಸಿನಿಮಾ ಬಹಳ ಕೂಡಿಡುವವರು 512 ತಗೊಳ್ಳಿ.

ಪಕ್ಕದ ಊರಿನ ಒಂದು ಸಂಘದ ಕಥೆ ಹೇಳುತ್ತೇವೆ. ಅವರು 18,000 ರೂಪಾಯಿಗೆ ಹೊಸ ಲ್ಯಾಪ್‌ಟಾಪ್ ತಂದರು. ಬಣ್ಣ ಚೆನ್ನಾಗಿತ್ತು. ಹಗುರವಾಗಿತ್ತು. ಎಲ್ಲರಿಗೂ ಖುಷಿಯೋ ಖುಷಿ. ಅದರ ರ‍್ಯಾಮ್ 4 ಜಿ.ಬಿ., ಉಗ್ರಾಣ ಬರೀ 64 ಜಿ.ಬಿ. ವಿಂಡೋಸ್ ಎಂಬ ಮೂಲ ತಂತ್ರಾಂಶವೇ ಅದರಲ್ಲಿ ದೊಡ್ಡ ಪಾಲು ನುಂಗಿತ್ತು. ಆರು ತಿಂಗಳಿಗೆ ಜಾಗ ತುಂಬಿತು. ಲೆಕ್ಕದ ಪಟ್ಟಿ ತೆರೆದರೆ ಒಲೆ ಮೇಲೆ ಅನ್ನ ಬೇಯುವಷ್ಟು ಹೊತ್ತು. ಅಂಗಡಿಗೆ ಹೊತ್ತುಕೊಂಡು ಹೋದರು. "ವಾರಂಟಿಯಲ್ಲಿ ಬರಲ್ಲಮ್ಮ, ಇದು ಕೆಟ್ಟಿಲ್ಲ" ಅಂದರಂತೆ. ಅವರು ಹೇಳಿದ್ದು ನಿಜವೇ. ಅದು ಕೆಟ್ಟಿರಲಿಲ್ಲ. ಸಣ್ಣದಾಗಿತ್ತು, ಅಷ್ಟೆ. ಎರಡು ವರ್ಷದ ಉಳಿತಾಯ ಈಗ ಬೀರುವಿನ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿದೆ.

ಪ್ರೊಸೆಸರ್ ವಿಷಯಕ್ಕೆ ಬರೋಣ. ಇಂಟೆಲ್ ಮತ್ತು ಎ.ಎಂ.ಡಿ. ಅಂತ ಎರಡು ಕಂಪನಿಗಳದ್ದು ಹೆಚ್ಚು ಸಿಗುತ್ತದೆ. ಇಂಟೆಲ್ಲಿನ ಐ3, ಎ.ಎಂ.ಡಿ.ಯ ರೈಜನ್ 3 ನಮ್ಮ ಕೆಲಸಕ್ಕೆ ಸಾಕು. ಐ5, ರೈಜನ್ 5 ಇನ್ನೂ ಚುರುಕು. ಇತ್ತೀಚೆಗೆ ಇಂಟೆಲ್‌ನವರು ಕೆಲವಕ್ಕೆ 'ಐ' ಬಿಟ್ಟು ಕೋರ್ 3, ಕೋರ್ 5 ಅಂತಲೂ ಹೆಸರಿಟ್ಟಿದ್ದಾರೆ. ಹೆದರಬೇಡಿ. ಸೆಲೆರಾನ್ ಅಂತ ಇದ್ದರೆ ಅದು ಕೆಳಗಿನ ದರ್ಜೆ. ಬೇಡ.

ಪರದೆ 14 ಅಥವಾ 15.6 ಅಂಗುಲ ಇರಲಿ. ಪರದೆಯನ್ನು ಎದುರಿಗೆ ಕೂತು ಮಾತ್ರ ನೋಡಬೇಡಿ. ಎದ್ದು ಪಕ್ಕಕ್ಕೆ ಹೋಗಿ ನೋಡಿ. ಪಕ್ಕದಿಂದ ಮುಖವೆಲ್ಲ ಕಪ್ಪಾಗಿ ಕಂಡರೆ ಅದು ಬೇಡ. ನಾವು ಒಬ್ಬರೇ ಕೂತು ನೋಡುವವರಲ್ಲ, ಐದಾರು ಜನ ಸುತ್ತ ಕೂರುವವರು. ಇಪ್ಪತ್ತು ಜನ ವಿಡಿಯೋ ನೋಡಬೇಕಾದರೆ ಟಿ.ವಿ.ಗೆ ಜೋಡಿಸಿದರಾಯಿತು. ಅದಕ್ಕೆ ಎಚ್.ಡಿ.ಎಂ.ಐ. ಎಂಬ ತೂತು ಬೇಕು. ಇದೆಯಾ ಅಂತ ಬೆರಳಿಟ್ಟು ತೋರಿಸಲು ಹೇಳಿ. ಲ್ಯಾಪ್‌ಟಾಪಿನ ಸ್ವಂತ ದನಿ ಸಣ್ಣದು. ಅದಕ್ಕಾಗಿ ದುಬಾರಿ ಲ್ಯಾಪ್‌ಟಾಪ್ ಕೊಳ್ಳಬೇಕಿಲ್ಲ. ಬೇರೆ ಸ್ಪೀಕರ್ ಕಡಿಮೆ ಹಣಕ್ಕೆ ಸಿಗುತ್ತದೆ.

ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ನಮ್ಮ ಊರಿಗೆ ಇದೇ ದೊಡ್ಡ ಲಾಭ. ನಮ್ಮ ಕೆಲಸಕ್ಕೆ ಅದು ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಕರೆಂಟು ತಿನ್ನುತ್ತದೆ. ಆದರೆ ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಡಬೇಡಿ. ಗಾಳಿ ಆಡದೆ ಬಿಸಿಯಾಗುತ್ತದೆ.

ಕನ್ನಡದಲ್ಲಿ ಬರೆಯಲು ಬರುತ್ತದಾ ಅಂತ ಕೇಳಿದಿರಿ. ಧಾರಾಳವಾಗಿ ಬರುತ್ತದೆ. ಕನ್ನಡ ಗಣಕ ಪರಿಷತ್ತಿನವರು ಮಾಡಿದ 'ನುಡಿ' ತಂತ್ರಾಂಶ ಉಚಿತ. ಅದರ ಕೀಲಿಮಣೆಯ ಜೋಡಣೆ ಕೆ.ಪಿ. ರಾವ್ ಅವರು ಮಾಡಿದ್ದು. ಕ ಒತ್ತಿ, ಒತ್ತಕ್ಷರ ಕೊಡುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಸ್ಲೇಟಿನ ಮೇಲೆ ಒತ್ತಕ್ಷರ ತಿದ್ದಿದವರಿಗೆ ಇದೇನು ಮಹಾ! ಪತ್ರ, ಲೆಕ್ಕ ಬರೆಯಲು ಲಿಬ್ರೆ ಆಫೀಸ್ ಎಂಬುದೂ ಉಚಿತ. ಅಂಗಡಿಯವನು "ಆಫೀಸ್ ಜೊತೆಗೇ ಇದೆ" ಅಂದರೆ, "ಶಾಶ್ವತವಾ, ಒಂದೇ ವರ್ಷಕ್ಕಾ?" ಅಂತ ಕೇಳಿ. ಒಂದು ವರ್ಷದ್ದಾದರೆ ಮರುವರ್ಷ ಹಣ ಕೇಳುತ್ತದೆ.

ಈಗ ಬೆಲೆ. ಇಷ್ಟೆಲ್ಲ ಇರುವ ಹೊಸ ಲ್ಯಾಪ್‌ಟಾಪಿಗೆ ಸುಮಾರು 35,000ದಿಂದ 50,000 ರೂಪಾಯಿ ಆಗುತ್ತದೆ. 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಲ್ಲೆಲ್ಲ ಏರಿತು. ಹಾಗಾಗಿ ಎರಡು ಮೂರು ಅಂಗಡಿ ಕೇಳಿಯೇ ಕೊಳ್ಳಿ. ಬೆಲೆಯಲ್ಲಿ 18 ಪರ್ಸೆಂಟ್ ಜಿ.ಎಸ್.ಟಿ. ಸೇರಿದೆಯಾ ಅಂತಲೂ ಕೇಳಿ.

ಅಷ್ಟು ಆಗದಿದ್ದರೆ ಬಳಸಿದ ಲ್ಯಾಪ್‌ಟಾಪ್ ಇದೆ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಮಾರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅವನ್ನು ಸರಿಮಾಡಿ, ಒರೆಸಿ ಮಾರುತ್ತಾರೆ. ಗಟ್ಟಿಮುಟ್ಟಾಗಿರುತ್ತವೆ. ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೆ ನೋಡಿ ಕೊಳ್ಳಬೇಕು. ಹಸು ಕೊಳ್ಳುವಾಗ ಹಲ್ಲು ಎಣಿಸುತ್ತೀರಲ್ಲ, ಹಾಗೆ ಇದಕ್ಕೂ ವಯಸ್ಸು ನೋಡುವ ದಾರಿ ಇದೆ.

ಪ್ರೊಸೆಸರ್ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. ಐ5-6300 ಅಂತ ಇದ್ದರೆ 6 ಅಂದರೆ ಆರನೇ ತಲೆಮಾರು. ಐ5-8350 ಅಂದರೆ ಎಂಟನೇ ತಲೆಮಾರು. ಐ5-1135 ಅಂತ ಇದ್ದರೆ ಒಂದನೇ ತಲೆಮಾರಲ್ಲ, 11ನೆಯದು. ಎಂಟು ಅಥವಾ ಅದಕ್ಕಿಂತ ಮೇಲಿನದೇ ಕೊಳ್ಳಿ. ಯಾಕೆಂದರೆ ವಿಂಡೋಸ್ 10ಕ್ಕೆ ಎಂದಿನ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದನ್ನು ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಬೇಕು. ಅದು ಆರನೇ ತಲೆಮಾರಿನದರಲ್ಲಿ ನಿಯಮದ ಪ್ರಕಾರ ಕೂರುವುದಿಲ್ಲ.

ಬ್ಯಾಟರಿಯನ್ನೂ ನೋಡಬೇಕು. "ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಪ್ಪ" ಅನ್ನಿ. ಅದರಲ್ಲಿ ಎರಡು ಅಂಕಿ ಇರುತ್ತದೆ. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ. 50,000 ಇದ್ದದ್ದು 40,000 ಇದ್ದರೆ ಪರವಾಗಿಲ್ಲ. 20,000 ಇದ್ದರೆ ಹೊಸ ಬ್ಯಾಟರಿ ಹಾಕಿಕೊಡಲು ಕೇಳಿ. ಆಮೇಲೆ ಎಲ್ಲ ಗುಂಡಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ.

ಹಣ ಹೇಗೆ ಕೊಡುವುದು? "ಜೀರೋ ಬಡ್ಡಿ, ಕಂತಿನಲ್ಲಿ ಕಟ್ಟಿ" ಅಂತ ಹಲಗೆ ಹಾಕಿರುತ್ತಾರೆ. ಒಂದು ಲೆಕ್ಕ ಮಾಡೋಣ. ಬಳಪ ತಗೊಳ್ಳಿ. ನಗದು ಕೊಟ್ಟರೆ 38,000 ಅಂತಾರೆ. ಕಂತಾದರೆ 4,000ದ ಹತ್ತು ಕಂತು, ಮೇಲೆ 500 ಫೀಸು. ಒಟ್ಟು 40,500. ಜೀರೋ ಬಡ್ಡಿಯಲ್ಲಿ 2,500 ಎಲ್ಲಿಂದ ಬಂತು? ಅದೇ 38,000 ಸಂಘದಿಂದ ಸಾಲ ತೆಗೆದು, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿಯಂತೆ, ತಿಂಗಳಿಗೆ 3,800 ಅಸಲು ಇಳಿಸುತ್ತಾ ಬನ್ನಿ. ಹತ್ತು ತಿಂಗಳಿಗೆ ಬಡ್ಡಿ ಒಟ್ಟು 2,090. ಅದೂ ನಮ್ಮ ಸಂಘದ ಪೆಟ್ಟಿಗೆಗೇ ಬೀಳುತ್ತದೆ. ಮನೆಗೊಂದು ಕೊಳ್ಳುವವರಿಗೆ ಈ ಲೆಕ್ಕ. ಗೃಹಲಕ್ಷ್ಮಿ ಹಣ ತಿಂಗಳಿಗೆ 2,000ದಂತೆ ಕೂಡಿಟ್ಟು ಮಗಳ ಓದಿಗೆ ಕೊಂಡವರೂ ಇದ್ದಾರೆ. ಇಪ್ಪತ್ತು ತಿಂಗಳಿಗೆ 40,000.

ಬಿಲ್ಲು ಇಲ್ಲದೆ ಏನೂ ಕೊಳ್ಳಬೇಡಿ. ಬಿಲ್ಲಿನಲ್ಲಿ ಸಂಘದ ಹೆಸರೇ ಇರಲಿ. ಲ್ಯಾಪ್‌ಟಾಪಿನ ಕೆಳಗಿನ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ಇದೆಯಾ ನೋಡಿ. ಡಬ್ಬದ ಮೇಲೆ ಗರಿಷ್ಠ ಬೆಲೆ ಬರೆದಿರುತ್ತದೆ, ಓದಿ. ತಕರಾರು ಬಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಇನ್ನೊಂದು ಮಾತು. ಇದು ಸ್ವಲ್ಪ ಖಾರ ಅನ್ನಿಸಬಹುದು. ಕೊಂಡ ಮೇಲೆ ಅದು ಯಾರ ಮನೆಯಲ್ಲಿ ಇರುತ್ತದೆ? ಕೆಲವು ಕಡೆ ಅಧ್ಯಕ್ಷರ ಮನೆಗೆ ಹೋಗುತ್ತದೆ. ಅಲ್ಲಿ ಮಗನ ಕೈಗೆ ಹೋಗುತ್ತದೆ. ಆಮೇಲೆ ಸಂಘದವರು ಅವನನ್ನೇ ಕೇಳಿಕೊಂಡು ನಿಲ್ಲಬೇಕು. ಟೈಪಿಂಗ್ ಅಂಗಡಿಯೇ ವಾಸಿ ಅನ್ನಿಸುತ್ತದೆ! ಅದಕ್ಕೆ ಮೊದಲೇ ಠರಾವು ಬರೆಯಿರಿ. ಪಾಸ್‌ವರ್ಡ್ ಮೂವರು ಸದಸ್ಯೆಯರಿಗೆ ಗೊತ್ತಿರಲಿ. ಗಂಡಸರಿಗೆ ಬೇಡ. ತಿಂಗಳಿಗೊಮ್ಮೆ ಲೆಕ್ಕವನ್ನು ಪೆನ್ ಡ್ರೈವಿಗೆ ತೆಗೆದು ಇನ್ನೊಬ್ಬರ ಮನೆಯಲ್ಲಿ ಇಡಿ. ಯಂತ್ರ ಕೆಟ್ಟರೂ ಲೆಕ್ಕ ಉಳಿಯುತ್ತದೆ. ಕೈಬರಹದ ಪುಸ್ತಕವನ್ನೂ ನಿಲ್ಲಿಸಬೇಡಿ.

ಬುಧವಾರ ಸಂತೆಯ ದಿನ ನಾಲ್ಕು ಜನ ಪೇಟೆಗೆ ಹೋಗೋಣ. ಅವತ್ತು ಕೊಳ್ಳುವುದು ಬೇಡ, ಬರೀ ವಿಚಾರಿಸಿ ಬರೋಣ. ನೀವೇ ಒಂದು ಚೀಟಿ ಬರೆದುಕೊಳ್ಳಿ. ರ‍್ಯಾಮ್ 8. ಎಸ್.ಎಸ್.ಡಿ. 256. ಐ3 ಅಥವಾ ರೈಜನ್ 3. ಎಚ್.ಡಿ.ಎಂ.ಐ. ಬಿಲ್ಲು. ಅಂಗಡಿಯವನು ಹೇಳಿದ ಬೆಲೆಯನ್ನು ಅದರ ಎದುರಿಗೇ ಬರೆಯಿರಿ. ಯಾರು ಯಾರು ಬರುತ್ತೀರಿ, ಈಗಲೇ ಹೆಸರು ಹೇಳಿ.