ಚಿತ್ರದ ಎಲೆ, ಮನಸ್ಸಿನ ಕನ್ನಡಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಮುಂದೆ ಕುಳಿತವರು ನಮ್ಮಲ್ಲಿ ಹಲವರಿರಬಹುದು. ಗಿಣಿಯು ಪಂಜರದಿಂದ ಹೊರಬಂದು ಒಂದು ಎಲೆಯನ್ನು ಕಚ್ಚಿ ಕೊಡುತ್ತದೆ. ಅದರ ಚಿತ್ರವನ್ನು ನೋಡಿ ಅವನು ಫಲ ಹೇಳುತ್ತಾನೆ. ಪಾಶ್ಚಾತ್ಯರಲ್ಲಿಯೂ ಇಂಥದೊಂದು ಉಂಟು. ಅದರ ಹೆಸರು ಟ್ಯಾರೋ. ಫೋನಿನ ಮೂಲಕ ಅದೀಗ ಭೀಮಾತೀರದ ತರುಣರ ಕೈಗೂ ಬಂದಿರುವುದರಿಂದ ಅದರ ವಿಚಾರವಾಗಿ ಎರಡು ಮಾತು ಹೇಳಬಯಸುತ್ತೇನೆ.

15ನೆಯ ಶತಮಾನದ ಇಟಲಿಯಲ್ಲಿ ಟ್ಯಾರೋ ಹುಟ್ಟಿದ್ದು ಆಟಕ್ಕಾಗಿ. ಮೈಸೂರು, ಸಾವಂತವಾಡಿಗಳ ಗಂಜೀಫಾದಂತೆ. ಅದರಿಂದ ಭವಿಷ್ಯ ನುಡಿಯುವ ರೂಢಿಯು 18ನೆಯ ಶತಮಾನದ ಫ್ರಾನ್ಸಿನಲ್ಲಿ ಬಲಗೊಂಡಿತು. ಕಟ್ಟಿನಲ್ಲಿ 78 ಎಲೆಗಳು. ಇಂದು ಬಹುಪ್ರಚಾರದಲ್ಲಿರುವ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಅವು 1909ರಲ್ಲಿ ಪ್ರಕಟವಾದವು.

ಪ್ರತಿಯೊಂದು ಎಲೆಗೂ ರೂಢಿಯ ಅರ್ಥವಿದೆ. ಕಂದೀಲು ಹಿಡಿದ ವಿರಕ್ತನು ಏಕಾಂತದ ವಿಚಾರವನ್ನು ಸೂಚಿಸುತ್ತಾನೆ. ಮರಣದ ಎಲೆಯು ಸಾವನ್ನಲ್ಲ, ಒಂದು ಸ್ಥಿತಿ ಮುಗಿದು ಇನ್ನೊಂದು ತೊಡಗುವುದನ್ನು ಹೇಳುತ್ತದೆ. ರಥದ ಎಲೆಯಲ್ಲಿ ಮನುಷ್ಯಮುಖದ ಎರಡು ಸಿಂಹಗಳಿವೆ, ಒಂದು ಕಪ್ಪು, ಒಂದು ಬಿಳಿ. ಸಾರಥಿಯ ಕೈಯಲ್ಲಿ ಲಗಾಮು ಕಾಣುವುದಿಲ್ಲ. ಎಳೆತಗಳನ್ನು ಸಂಕಲ್ಪದಿಂದ ಆಳಬೇಕೆಂದು ಅದರ ಅರ್ಥ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಮಗಳು ಏಳನೆಯ ಇಯತ್ತೆ ಮುಗಿಸಿದ್ದಾಳೆ. ಮುಂದೆ ಕನ್ನಡ ಶಾಲೆಯೋ, ಮರಾಠಿ ಶಾಲೆಯೋ? ಚಿಂತೆಗೊಳಗಾದ ತಾಯಿಗೆ ರಥದ ಎಲೆ ಬಂದಿತು. ಭವಿಷ್ಯಗಾರನಾದರೆ ಜಯ ನಿಶ್ಚಿತವೆಂದು ಹೇಳಿ ದಕ್ಷಿಣೆ ಪಡೆದಾನು. ತಾನೇ ವಿಚಾರಿಸುವ ತಾಯಿಯು ಕೇಳಿಕೊಳ್ಳುವಳು: ನನ್ನನ್ನು ಎರಡು ಕಡೆಗೆ ಎಳೆಯುತ್ತಿರುವುದು ಯಾವುದು? ಇದರಲ್ಲಿ ಮಗಳ ಹಿತವೆಷ್ಟು, ನೆರೆಯವರ ಮಾತಿನ ಅಂಜಿಕೆಯೆಷ್ಟು? ನೌಕರಿಯ ಚಿಂತೆಯೆಷ್ಟು, ಅಜ್ಜಿಯ ಮಾತನ್ನು ಮೊಮ್ಮಗಳು ಓದಲಾರದೆ ಹೋದಾಳೆಂಬ ಸಂಕಟವೆಷ್ಟು? ಮಗಳನ್ನು ಒಮ್ಮೆಯಾದರೂ ಕೇಳಿದ್ದೇನೆಯೇ?

ಎಲೆಯಲ್ಲಿ ಉತ್ತರವಿರಲಿಲ್ಲ. ಕೇಳದೆ ಬಿಟ್ಟಿದ್ದ ಪ್ರಶ್ನೆ ಮಾತ್ರ ಅದರಿಂದ ಹೊರಬಂದಿತು. ಅದರ ಉಪಯೋಗವಿರುವುದು ಅಷ್ಟೇ. ಅನಂತರ ಆಕೆ ಮಗಳೊಡನೆ ಕುಳಿತು ಮಾತನಾಡಲಿ, ಗುರುಗಳನ್ನು ಕಾಣಲಿ. ನಿರ್ಣಯವು ಮನೆಯವರದೇ ಆಗಿರಲಿ. ರೋಗಕ್ಕೆ ವೈದ್ಯರಿದ್ದಾರೆ, ಸಾಲಕ್ಕೆ ಲೆಕ್ಕದ ಪುಸ್ತಕವಿದೆ. ಅಲ್ಲಿ ಎಲೆಯನ್ನು ಎತ್ತಬಾರದು.

ನಮಗಿದು ಹೊಸ ಪಾಠವಲ್ಲ. 12ನೆಯ ಶತಮಾನದಲ್ಲಿಯೇ ಶರಣರು ಹೊರಗಿನ ಶಕುನಕ್ಕಿಂತ ಒಳಗಿನ ಅರಿವನ್ನು ಹಿರಿದೆಂದು ಬಗೆದರು. ಅವರಲ್ಲೊಬ್ಬನಾದ ಸಿದ್ಧರಾಮನು ಸೊನ್ನಲಿಗೆಯಲ್ಲಿ, ಎಂದರೆ ನಮ್ಮ ಸೊಲ್ಲಾಪುರದಲ್ಲಿ, ಕೆರೆಯನ್ನು ಕಟ್ಟಿಸಿದನು. ತಿಳಿನೀರು ನಮ್ಮ ಮುಖವನ್ನು ತೋರಿಸೀತು. ತೊಳೆದುಕೊಳ್ಳುವ ಕೆಲಸ ನಮ್ಮದು.