ಮೇಷ್ಟ್ರು ಯಾರ ಗುಂಪಿನಲ್ಲಿ ಕೂರಬೇಕು?

(ಶಾಮನೂರಿನಲ್ಲಿ ಶಿಕ್ಷಕರು ಹಾಗೂ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಾನು ಶಿಕ್ಷಕನಲ್ಲ, ಪತ್ರಿಕೆಯ ವರದಿಗಾರ. ತಮಗೆ ಪಾಠ ಹೇಳುವ ಅಧಿಕಾರ ನನಗಿಲ್ಲ. ಆದರೆ ಈಚೆಗೆ ಎಲ್ಲೆಡೆ ಕೇಳಿಬರುತ್ತಿರುವ ‘ಬ್ಲೆಂಡೆಡ್ ಲರ್ನಿಂಗ್’ ಎಂಬ ಮಾತಿನ ಹಿಂದಿರುವ ಚರಿತ್ರೆಯನ್ನು ಹೇಳಬಲ್ಲೆ.

ಹೆಸರು ದೊಡ್ಡದು, ಅರ್ಥ ಸರಳ. ಅದರ ಒಂದು ಬಗೆಯೆಂದರೆ ತರಗತಿಯನ್ನು ಮೂರು ಗುಂಪು ಮಾಡುವುದು. ಒಂದು ಗುಂಪು ಟ್ಯಾಬ್‌ನಲ್ಲಿ ಅಭ್ಯಾಸ ಮಾಡುತ್ತದೆ, ಇನ್ನೊಂದು ತಮ್ಮತಮ್ಮಲ್ಲೇ ಸೇರಿ ಲೆಕ್ಕ ಬಿಡಿಸುತ್ತದೆ, ಮತ್ತೊಂದು ಶಿಕ್ಷಕರ ಬಳಿ ಕೂರುತ್ತದೆ. ಸ್ವಲ್ಪ ಹೊತ್ತಿಗೆ ಗುಂಪುಗಳು ಜಾಗ ಬದಲಿಸುತ್ತವೆ. ಈ ಜಾಗಗಳಿಗೆ ‘ಸ್ಟೇಷನ್’ ಎನ್ನುತ್ತಾರೆ. 30 ಮಕ್ಕಳಿರುವ ತರಗತಿಗೆ 10 ಟ್ಯಾಬ್ ಸಾಕು. ಅದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ. ಹತ್ತೇ ಮಕ್ಕಳ ಎದುರು 13 ನಿಮಿಷ ಕೂತ ಶಿಕ್ಷಕರಿಗೆ ಯಾರ ಕೈ ಎಲ್ಲಿ ತಡವರಿಸುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಗುಂಪು ಮಾಡಿ ಕಲಿಸುವುದು ಹೊರಗಿನಿಂದ ಬಂದ ಪದ್ಧತಿಯೇ? ನಮ್ಮ ಪಕ್ಕದ ಬಳ್ಳಾರಿಯ ಕಡತ ಬೇರೆಯದನ್ನೇ ಹೇಳುತ್ತದೆ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಕಳಿಸಿದ. ಹರಪನಹಳ್ಳಿಯೂ ಆಗ ಅದೇ ಜಿಲ್ಲೆಗೆ ಸೇರಿತ್ತು. ಜಿಲ್ಲೆಯಲ್ಲಿದ್ದ 533 ಶಾಲೆಗಳ ಪೈಕಿ 235 ಕನ್ನಡದವು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಾರೆ, ಹಾಗೆ ಕಲಿಸುತ್ತಲೇ ತಮ್ಮ ವಿದ್ಯೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಆತ ಮೆಚ್ಚಿ ಬರೆದ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಅನಾಥಾಲಯದಲ್ಲಿ ಈ ಕ್ರಮ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದ. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು.

ಹೆಮ್ಮೆ ಪಡೋಣ, ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನೂ ನೋಡೋಣ. ಒಟ್ಟು 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಪದ್ಧತಿ ಎಷ್ಟೇ ಚೆನ್ನಾಗಿದ್ದರೂ ಬಾಗಿಲ ಹೊರಗೆ ಉಳಿದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಇಂಗ್ಲೆಂಡಿನಲ್ಲಾದರೋ ಒಬ್ಬನೇ ಮೇಷ್ಟ್ರ ಕೈಗೆ ನೂರಾರು ಮಕ್ಕಳನ್ನು ಒಪ್ಪಿಸಿ ಸಂಬಳ ಉಳಿಸುವ ಉಪಾಯವಾಗಿ ಅದು ಬಳಕೆಯಾಯಿತು.

ನಮ್ಮ ಕಾಲಕ್ಕೆ ಬರೋಣ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಆರಂಭವಾಯಿತು. ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಿಕ್ಷಕರೇ, ಯುನಿಸೆಫ್ ನೆರವಿನಿಂದ, ಇದನ್ನು ರೂಪಿಸಿದರು. ಇಲ್ಲಿ ಪಾಠದ ಬದಲು ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನಿರುವ ಮೆಟ್ಟಿಲಿಗೆ ತಕ್ಕ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯ ಗುಂಪಿಗೆ ಹೋಗುತ್ತದೆ. ಶಿಕ್ಷಕರ ಪೂರ್ಣ ನೆರವಿನ ಗುಂಪಿನಿಂದ ಸ್ವಕಲಿಕೆಯವರೆಗೆ ಐದು ತಟ್ಟೆಗಳು. 2009-10ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಇದು ಸ್ಟೇಷನ್ ಪದ್ಧತಿಯಲ್ಲದೆ ಮತ್ತೇನು? ಇಲ್ಲದ್ದು ಟ್ಯಾಬ್ ಒಂದೇ.

ಯಂತ್ರಗಳೂ ನಮಗೆ ಹೊಸವಲ್ಲ. 1975-76ರಲ್ಲಿ ಅಮೆರಿಕದ ಉಪಗ್ರಹದ ಮೂಲಕ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಪಾಠ ಬಂದಿತ್ತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು. 2017ರಲ್ಲಿ ದೀಕ್ಷಾ ಬಂದಿತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ‘ವಿದ್ಯಾಗಮ’ ಯೋಜನೆಯಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಇಂಟರ್ನೆಟ್ ಇರುವವರು, ಬರೀ ಸಾದಾ ಫೋನ್ ಇರುವವರು, ಏನೂ ಇಲ್ಲದವರು. ಇದು ಕಲಿಕೆಯ ಮಟ್ಟ ನೋಡಿ ಮಾಡಿದ ಗುಂಪಲ್ಲ, ಮನೆಯಲ್ಲಿರುವ ಸಾಧನ ನೋಡಿ ಮಾಡಿದ ಗುಂಪು. ಏನೂ ಇಲ್ಲದ ಮಕ್ಕಳಿಗೆ ಸಿಕ್ಕಿದ್ದು ಓಣಿಗೆ ನಡೆದು ಬಂದ ಶಿಕ್ಷಕರು.

ಆದ್ದರಿಂದ ಶಾಲೆಗೆ ಟ್ಯಾಬ್ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಅದರ ಬೆಲೆಯದಲ್ಲ. ಟ್ಯಾಬ್ ಮುಂದೆ ಯಾರು ಕೂರುತ್ತಾರೆ, ಮೇಷ್ಟ್ರ ಮುಂದೆ ಯಾರು ಕೂರುತ್ತಾರೆ ಎಂಬುದು. ಓದು ಬಾರದ ಮಗುವನ್ನು ಗಲಾಟೆ ಮಾಡದಿರಲೆಂದು ಪರದೆಯ ಮುಂದೆ ಕೂರಿಸಿ, ಜಾಣರಿಗೆ ಪಾಠ ಮಾಡುವುದು ಸುಲಭ. ಮಾಡಬೇಕಾದ್ದು ಇದರ ತಿರುವುಮುರುವು. ತಾನೇ ಓದಬಲ್ಲ ಮಗುವಿಗೆ ಯಂತ್ರ ಜೊತೆಯಾಗಲಿ, ತಡವರಿಸುವ ಮಗುವಿನ ಪಕ್ಕ ಶಿಕ್ಷಕರು ಕೂರಲಿ. ಟ್ಯಾಬ್ ಇದೆಯೆಂದು ಖಾಲಿ ಹುದ್ದೆ ತುಂಬದೆ ಬಿಟ್ಟರೆ, ಇಂಗ್ಲೆಂಡಿನ ಹಳೆಯ ಉಪಾಯವನ್ನೇ ನಾವು ಮತ್ತೆ ಮಾಡಿದಂತಾಗುತ್ತದೆ.

ತಾಯಂದಿರಲ್ಲಿ ಒಂದು ಕೋರಿಕೆ. ಶಾಲೆಗೆ ಹೋದಾಗ ಎಷ್ಟು ಕಂಪ್ಯೂಟರ್ ಇವೆ ಎಂದು ಖಂಡಿತ ಕೇಳಿ. ಜೊತೆಗೆ, ಈ ವಾರ ಮೇಷ್ಟ್ರು ನನ್ನ ಮಗುವಿನ ಗುಂಪಿನಲ್ಲಿ ಎಷ್ಟು ಸಲ ಕೂತಿದ್ದರು ಎಂದೂ ಕೇಳಿ.