ಜಪಾನಿನ ನೆಲ ನಡುಗುವುದೇಕೆ?
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಭೂಕಂಪವಾದರೆ ಆದಿಶೇಷ ಹೆಡೆ ಬದಲಿಸಿದನೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೆಲದಡಿಯ ದೊಡ್ಡ ಮೀನು ಒದರಾಡಿತೆಂದು ಜಪಾನಿನ ಹಿರಿಯರು ಹೇಳುತ್ತಿದ್ದರು. ನಮ್ಮ ಶೇಷನಿಗೂ ಅವರ ಮೀನಿಗೂ ಈಗ ಕೆಲಸ ತಪ್ಪಿದೆ. ನೆಲದ ನಡುಕ ಮಾತ್ರ ನಿಂತಿಲ್ಲ.

ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ. ಅದು ಭಾರಿ ಫಲಕಗಳಾಗಿ ಒಡೆದಿದೆ, ಅವು ಸದಾ ಮೆಲ್ಲಗೆ ಸರಿಯುತ್ತಿವೆ. ಇಂಥ ನಾಲ್ಕು ಫಲಕಗಳು ಕೂಡುವ ಎಡೆಯಲ್ಲಿ ಜಪಾನ್ ದ್ವೀಪಗಳಿವೆ. ಪೂರ್ವದ ಪೆಸಿಫಿಕ್ ಸಾಗರದ ತಳ ವರ್ಷಕ್ಕೆ ಸುಮಾರು ೮ ಸೆಂಟಿಮೀಟರು ಸರಿದು ಬಂದು ಅವುಗಳ ಅಡಿಗೆ ನುಗ್ಗುತ್ತದೆ. ಅರ್ಧ ಗೇಣಿಗೂ ಕಡಮೆ. ಇಷ್ಟಕ್ಕೆ ಊರು ಉರುಳುವುದುಂಟೇ ಎಂದು ನೀವು ಕೇಳಬಹುದು. ಸಲೀಸಾಗಿ ಜಾರಿದ್ದರೆ ಉರುಳುತ್ತಿರಲಿಲ್ಲ. ಬಂಡೆ ಬಂಡೆಯನ್ನು ಕಚ್ಚಿ ನಿಲ್ಲುತ್ತದೆ, ಹಿಂದಿನ ನೂಕು ನಿಲ್ಲುವುದಿಲ್ಲ. ಬಿದಿರಿನ ದಬ್ಬೆಯನ್ನು ಬಗ್ಗಿಸಿ ನೋಡಿ: ಬಾಗುತ್ತ ಬಾಗುತ್ತ ಹೋಗಿ, ಕೈ ಜಾರಿದೊಡನೆ ಚಟ್ಟನೆ ಸಿಡಿಯುತ್ತದೆ. ನೂರಾರು ವರ್ಷ ಬಾಗಿದ ಬಂಡೆ ಕೆಲವೇ ನಿಮಿಷಗಳಲ್ಲಿ ಹಾಗೆ ಸಿಡಿದರೆ ಅದೇ ಮಹಾಕಂಪ. ಕಡಲ ತಳದಲ್ಲಿ ಸಿಡಿದರೆ ಮೇಲಿನ ನೀರೂ ಎದ್ದು ದಡಕ್ಕೆ ನುಗ್ಗುತ್ತದೆ. ೨೦೧೧ರ ಮಾರ್ಚ್ ೧೧ರಂದು ಈಶಾನ್ಯ ಜಪಾನಿನಲ್ಲಿ ಆದದ್ದು ಇದೇ. ಕಂಪದ ಅಳತೆ ೯. ಸತ್ತವರೂ ಕಾಣೆಯಾದವರೂ ಸೇರಿ ೧೮,೦೦೦ಕ್ಕೂ ಹೆಚ್ಚು. ಬಹುಪಾಲು ಸುನಾಮಿಯ ನೀರಿಗೆ ಸಿಕ್ಕವರು. ಈ ಅಳತೆಯಲ್ಲಿ ೮ಕ್ಕೂ ೯ಕ್ಕೂ ಒಂದೇ ಅಂಕಿಯ ಅಂತರವೆಂದು ನಮ್ಮ ವ್ಯಾಪಾರಿ ಮಿತ್ರರು ಲೆಕ್ಕ ಹಾಕಬಾರದು. ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು ೩೨ ಪಟ್ಟು.

ಇದು ಪ್ರಕೃತಿಯ ಪಾಲು. ಮನುಷ್ಯರ ಪಾಲು ಬೇರೆಯೇ ಇದೆ. ೧೯೨೩ರ ಸೆಪ್ಟೆಂಬರ್ ೧ರಂದು ಟೋಕಿಯೋ, ಯೊಕೊಹಾಮಾ ನಡುಗಿದಾಗ ನಡುಹಗಲು ೧೨ಕ್ಕೆ ಎರಡು ನಿಮಿಷವಿತ್ತು. ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಮರದ ಮನೆಗಳು, ಇಕ್ಕಟ್ಟಾದ ಕೇರಿಗಳು, ಮೇಲೆ ಬಿರುಗಾಳಿ. ಸತ್ತ ಸುಮಾರು ೧,೦೫,೦೦೦ ಮಂದಿಯಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿ. ಹೊಂಜೊ ಎಂಬ ಕೂಲಿಕಾರರ ಭಾಗದಲ್ಲಿ ಒಂದೇ ಬಯಲಿನಲ್ಲಿ ಆಶ್ರಯ ಪಡೆದಿದ್ದ ಸುಮಾರು ೩೮,೦೦೦ ಜನ ಅಲ್ಲೇ ಸುಟ್ಟುಹೋದರು. ಕುಸಿದ ನೂಲಿನ ಗಿರಣಿಗಳಡಿ ನೂರಾರು ಹೆಣ್ಣಾಳುಗಳು ಸತ್ತರು.

ಅಷ್ಟಕ್ಕೇ ಮುಗಿಯಲಿಲ್ಲ. ಕೊರಿಯಾದವರು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ಸುಳ್ಳು ಹಬ್ಬಿತು. ಹೊಟ್ಟೆಪಾಡಿಗೆ ಬಂದಿದ್ದ ಸಾವಿರಾರು ಕೊರಿಯನರನ್ನು ಊರಿನ ಗುಂಪುಗಳೂ ಸೈನಿಕರೂ ಪೊಲೀಸರೂ ಕೊಂದರು. ಕಮೆಯಿದೋ ಠಾಣೆಯಲ್ಲಿ ಕಾರ್ಮಿಕ ಮುಂದಾಳು ಹಿರಾಸಾವಾ ಕೇಯ್ಶಿಚಿ ಮೊದಲಾದವರನ್ನು ಸೈನಿಕರು ಮುಗಿಸಿದರು. ಒಸುಗಿ ಸಕಾಯೆ, ಇತೊ ನೊಯೆ ಇಬ್ಬರನ್ನೂ, ಜೊತೆಗಿದ್ದ ಆರು ವರ್ಷದ ಹುಡುಗನನ್ನೂ ಮಿಲಿಟರಿ ಪೊಲೀಸರು ಕತ್ತು ಹಿಸುಕಿ ಕೊಂದರು. ಇದಕ್ಕೆ ಯಾವ ಫಲಕ ಸರಿದಿತ್ತು?

ನೆಲವನ್ನು ಹಿಡಿದು ನಿಲ್ಲಿಸಲಾರೆವು, ಗೋಡೆಯನ್ನು ನಿಲ್ಲಿಸಬಲ್ಲೆವು. ೧೯೮೧ರಲ್ಲಿ ಜಪಾನ್ ಕಟ್ಟಡದ ಕಾನೂನನ್ನು ಬಿಗಿ ಮಾಡಿತು. ೧೯೯೫ರ ಜನವರಿ ೧೭ರ ನಸುಕಿನಲ್ಲಿ ಕೋಬೆ ನಡುಗಿ ೬,೪೦೦ಕ್ಕೂ ಹೆಚ್ಚು ಮಂದಿ ಸತ್ತರು. ಬಹಳಷ್ಟು ಜನ ಹಳೆಯ ಮನೆಗಳ ಭಾರದ ಹೆಂಚಿನ ಮಾಡಿನಡಿ ಸಿಕ್ಕವರು. ಹೊಸ ಕಾನೂನಿನಂತೆ ಕಟ್ಟಿದವು ಬಹುಪಾಲು ನಿಂತವು. ನಮ್ಮ ಬೀದರ, ಕಲಬುರ್ಗಿಯವರಿಗೆ ೧೯೯೩ರ ಕಿಲ್ಲಾರಿ ಮರೆತಿಲ್ಲ. ಅಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದೂ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಯೇ.

ಯಾವ ದಿನ ನಡುಗುವುದೆಂದು ಯಾರೂ ಮೊದಲೇ ಹೇಳಲಾರರು. ಪಂಚಾಂಗ ಹಿಡಿದು ಹೇಳುವವರಿಗೆ ಕಾಸು ಕೊಡಬೇಡಿ. ಆದರೆ ಕಂಪದ ಅಲೆಗಳಲ್ಲಿ ಹಗುರವಾದದ್ದು ಮುಂದೆ ಓಡುತ್ತದೆ, ಮನೆ ಕೆಡವುವುದು ಹಿಂದೆ ಬರುತ್ತದೆ. ಮೊದಲನೆಯದನ್ನು ಯಂತ್ರದಿಂದ ಹಿಡಿದು ೨೦೦೭ರಿಂದ ಜಪಾನಿನಲ್ಲಿ ಜನರಿಗೆಲ್ಲ ಎಚ್ಚರಿಕೆ ಸಾರುತ್ತಾರೆ. ಸಿಕ್ಕುವುದು ಕೆಲವು ಸೆಕೆಂಡು. ಒಲೆ ಆರಿಸುವುದಕ್ಕೆ, ಮೇಜಿನಡಿ ಹೊಕ್ಕುವುದಕ್ಕೆ ಅಷ್ಟು ಬೇಕು.

೨೦೨೪ರ ಜನವರಿ ೧ರಂದು ನೋಟೋ ಪರ್ಯಾಯದ್ವೀಪ ನಡುಗಿತು. ಮತ್ತೆ ಬಿದ್ದವು ಹಳೆಯ ಮರದ ಮನೆಗಳು, ಒಳಗಿದ್ದವರಲ್ಲಿ ಬಹಳ ಮಂದಿ ಮುದುಕರು. ಗಟ್ಟಿ ಮಾಡಿಸುವ ವಿದ್ಯೆ ದೇಶದಲ್ಲಿತ್ತು. ಆ ವಯಸ್ಸಿನಲ್ಲಿ ಅಷ್ಟು ಖರ್ಚು ಮಾಡಲು ಎಷ್ಟೋ ಮನೆಗಳವರು ಹಿಂದೆಗೆದಿದ್ದರು. ಕರಾವಳಿ ಕೆಲವೆಡೆ ೪ ಮೀಟರಿನಷ್ಟು ಮೇಲೆದ್ದಿತು. ವಾಜಿಮಾ ಬಂದರಿನಲ್ಲಿ ನೀರು ತಗ್ಗಿ, ಮೀನುಗಾರರ ದೋಣಿಗಳು ಹೊರಡಲಾರದೆ ಕಟ್ಟಿದಲ್ಲೇ ನಿಂತವು.